ಪರದೆಯ ಮೇಲಿನ ಡಬ್ಬಿ ಅಚ್ಚಿನಿಂದ ಹೊರಬರಬೇಕಲ್ವಾ?

ನಿಮ್ಮ ಬಚ್ಚಲುಮನೆಯ ಪ್ಲಾಸ್ಟಿಕ್ ಮಗ್ ಒಂದನ್ನು ಕೈಗೆ ತೆಗೆದುಕೊಳ್ಳಿ. ಬೋರಲು ಹಾಕಿ ತಳ ನೋಡಿ. ಹೆಚ್ಚಿನ ಮಗ್‌ಗಳಲ್ಲಿ ನಟ್ಟನಡುವೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಇರುತ್ತದೆ. ಮುಟ್ಟಿದರೆ ಬೆರಳಿಗೆ ಸ್ವಲ್ಪ ಒರಟಾಗಿ ತಾಗುತ್ತದೆ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗಿದ್ದು ಅಲ್ಲಿಂದ. ಅದಕ್ಕೆ ಗೇಟ್ ಅಂತಾರೆ. ಈಗ ಹಿಡಿಯ ಮೇಲೆ ಉಗುರು ಆಡಿಸಿ. ಕೂದಲೆಳೆಯಂಥ ಒಂದು ಗೆರೆ ಸಿಗುತ್ತದೆ. ಅಚ್ಚಿನ ಎರಡು ಭಾಗ ಕೂಡಿದ ಜಾಗ ಅದು. ಮಗ್‌ನ ಬಾಯಿ ಅಗಲ, ತಳ ಕಿರಿದು. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ಗೋಡೆ ನೆಟ್ಟಗೆ ನಿಂತಿದ್ದರೆ ಮಗ್ ಅಚ್ಚಿನ ಒಳಗಿನ ಉಕ್ಕಿನ ದಿಮ್ಮಿಯನ್ನು ಬಿಗಿಯಾಗಿ ಅಪ್ಪಿಕೊಂಡು ಬಿಡುತ್ತಿತ್ತು, ಹೊರಗೆ ಬರುತ್ತಲೇ ಇರಲಿಲ್ಲ. ಬಾಯಂಚು ಸ್ವಲ್ಪ ಹೊರಕ್ಕೆ ಮಡಚಿದೆ. ಆ ಮಡಿಕೆ ಇಲ್ಲದಿದ್ದರೆ ತೆಳ್ಳನೆ ಗೋಡೆ ತಣ್ಣಗಾಗುವಾಗ ಸೊಟ್ಟಗಾಗುತ್ತಿತ್ತು.

ದಿನಾ ನೀರು ಮೊಗೆಯುವ ಒಂದು ಮಗ್‌ನಲ್ಲಿ ಇಷ್ಟು ಲೆಕ್ಕಾಚಾರ ಅಡಗಿದೆ. ಹೊಸದಾಗಿ ಕಂಪ್ಯೂಟರಿನಲ್ಲಿ ಮನೆಬಳಕೆಯ ವಸ್ತು ವಿನ್ಯಾಸ ಮಾಡುವವರು ಎಡವುವುದು ಇಲ್ಲೇ.

ಈಗ ಆಕಾರ ಬರೆಯುವುದು ತುಂಬಾ ಸುಲಭವಾಗಿದೆ. ಹವ್ಯಾಸಕ್ಕೆ ಬಳಸಲು ಒಳ್ಳೆಯ ಸಾಫ್ಟ್‌ವೇರ್‌ಗಳು ಉಚಿತವಾಗಿ ಸಿಗುತ್ತವೆ. ತ್ರೀಡಿ ಪ್ರಿಂಟರ್ ಬೆಲೆ ಒಂದು ಒಳ್ಳೆಯ ಮೊಬೈಲಿನ ಬೆಲೆಗೆ ಇಳಿದಿದೆ. ಬಾಯಿಮಾತಿನಲ್ಲಿ ಹೇಳಿದರೆ ಆಕಾರ ಮಾಡಿಕೊಡುವ ಎಐ ಕೂಡ ಬಂದಿದೆ. ರಾತ್ರಿ ಮಲಗುವ ಮುಂಚೆ ಪ್ರಿಂಟಿಗೆ ಹಾಕಿದರೆ ಬೆಳಗ್ಗೆ ವಸ್ತು ಕೈಯಲ್ಲಿರುತ್ತದೆ. ಮನೆಗೆ ಬಂದವರು ನೋಡಿ "ಚೆನ್ನಾಗಿದೆಯಲ್ಲ, ಮಾರಾಟಕ್ಕೆ ಯಾವಾಗ ಬರುತ್ತೆ?" ಅಂತ ಕೇಳುತ್ತಾರೆ. ಆ ಒಂದು ವಸ್ತುವಿಗೂ ಅಂಗಡಿಯಲ್ಲಿ ಸಿಗುವ ಸಾವಿರ ವಸ್ತುಗಳಿಗೂ ನಡುವಿನ ದಾರಿಯನ್ನು ಹೇಳಿಕೊಡುವವರು ಮಾತ್ರ ಕಡಿಮೆ. ಪ್ರತಿಭೆ ಇರುವ ಎಷ್ಟೋ ಹುಡುಗ ಹುಡುಗಿಯರು ಆ ದಾರಿಯಲ್ಲೇ ದುಡ್ಡು ಕಳೆದುಕೊಂಡು ಸುಮ್ಮನಾಗುವುದನ್ನು ಕಂಡಿದ್ದೇನೆ. ನನಗೆ ನೋವಾಗುವುದು ಅದಕ್ಕೇ. ಅವರು ಸೋಲುವುದು ಕಲ್ಪನೆ ಇಲ್ಲದೆ ಅಲ್ಲ. ವಸ್ತು ಹೇಗೆ ತಯಾರಾಗುತ್ತದೆ ಎಂದು ಬಲ್ಲವರ ಹತ್ತಿರ ತೀರಾ ತಡವಾಗಿ ಹೋಗುವುದರಿಂದ.

ನನ್ನದೇ ಅನುಭವ ಹೇಳುತ್ತೇನೆ. ನಾನೂ ಗೆಳೆಯನೂ ಸೇರಿ ಒಂದು ಒಗ್ಗರಣೆ ಡಬ್ಬಿ ವಿನ್ಯಾಸ ಮಾಡಿದೆವು. ಅಗಲ 180 ಮಿಲಿಮೀಟರ್, ಒಳಗೆ ಏಳು ಬಟ್ಟಲು. ಎಣ್ಣೆ ಕಾದು ಹೊಗೆಯಾಡುವಾಗ ಒಂದು ಕೈಯಲ್ಲಿ ಸೌಟು ಇರುತ್ತದೆ. ಇನ್ನೊಂದು ಕೈಯ ಹೆಬ್ಬೆರಳಿನಿಂದಲೇ ಮುಚ್ಚಳ ತೆರೆಯಬೇಕು ಎನ್ನುವುದು ನಮ್ಮ ಆಸೆ. ಅದಕ್ಕಾಗಿ ಡಬ್ಬಿಯ ಗೋಡೆಗೆ ಒಳಮುಖವಾಗಿ ಬಾಗಿದ ಪುಟ್ಟ ಕೊಂಡಿ ಕೂರಿಸಿದೆವು. ಪ್ರಿಂಟ್ ಮಾಡಿದ ಮಾದರಿ ಟಕ್ ಅಂತ ಮುಚ್ಚಿಕೊಂಡಿತು. ಮನೆಯಲ್ಲೆಲ್ಲ ಖುಷಿ.

ಅದನ್ನು ಹಿಡಿದುಕೊಂಡು ಪೀಣ್ಯದ ಒಂದು ಟೂಲ್ ರೂಮಿಗೆ, ಅಂದರೆ ಅಚ್ಚು ಕಡೆಯುವ ಕಾರ್ಖಾನೆಗೆ, ಹೋದೆವು. ಅಲ್ಲಿನ ಹಿರಿಯರೊಬ್ಬರು ಡಬ್ಬಿಯನ್ನು ಒಂದು ಸುತ್ತು ತಿರುಗಿಸಿ ನೋಡಿ, ಕೊಂಡಿಯ ಮೇಲೆ ಬೆರಳಿಟ್ಟರು. "ಸಾರ್, ಇದು ಡೈ ಒಳಗೇ ಕೂತುಬಿಡುತ್ತೆ. ಹೊರಗೆ ಬರಲ್ಲ" ಅಂದರು. ಡೈ ಅಂದರೆ ಅಚ್ಚು. ಒಂದು ನಿಮಿಷವೂ ಹಿಡಿಯಲಿಲ್ಲ. ನಾವು ನಾಲ್ಕು ತಿಂಗಳು ನೋಡಿದ್ದ ಕೊಂಡಿ ಅದು.

ಅವರು ಹೇಳಿದ್ದು ಅರ್ಥವಾಗಬೇಕಾದರೆ ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಸಿಕೊಳ್ಳಿ. ಮರದ ಅಚ್ಚನ್ನು ನೀರಿನಲ್ಲಿ ನೆನೆಹಾಕಿ, ತುಂಡುಗಳನ್ನು ಜೋಡಿಸಿ ಬಿಗಿದು, ಬಿಸಿ ಪಾಕ ಹೊಯ್ಯುತ್ತಾರೆ. ಗಟ್ಟಿಯಾದ ಮೇಲೆ ತುಂಡುಗಳನ್ನು ಬಿಡಿಸಿದರೆ ಆನೆಯೋ ಬೃಂದಾವನವೋ ಇಡಿಯಾಗಿ ಬರುತ್ತದೆ. ಆನೆಯ ಸೊಂಡಿಲು ಯಾವತ್ತೂ ಮೈಗೆ ಅಂಟಿಕೊಂಡೇ ಇರುತ್ತದೆ, ಗಮನಿಸಿದ್ದೀರಾ? ಸೊಂಡಿಲು ಬಿಡಿಯಾಗಿ ಮುಂದಕ್ಕೆ ಚಾಚಿ ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ಅಚ್ಚು ಬಿಡಿಸುವಾಗಲೇ ಮುರಿಯುತ್ತಿತ್ತು. ಇಡ್ಲಿ ತಟ್ಟೆಯ ಗುಳಿಯೂ ಅಷ್ಟೆ. ಬಾಯಿ ಅಗಲ ಇರುವುದರಿಂದಲೇ ಇಡ್ಲಿ ಚಮಚಕ್ಕೆ ಸಲೀಸಾಗಿ ಎದ್ದು ಬರುತ್ತದೆ. ಮಡಕೆಯ ಹಾಗೆ ಕಂಠ ಕಿರಿದಾಗಿದ್ದರೆ ಬರುತ್ತಿತ್ತೇ?

ಪ್ಲಾಸ್ಟಿಕ್ ಅಚ್ಚಿನ ಕೆಲಸವೂ ಇದೇ. ಉಕ್ಕಿನ ಎರಡು ಅರೆಗಳು. ಹೊರಮೈ ಕೊಡುವ ಗುಳಿಗೆ ಕ್ಯಾವಿಟಿ, ಒಳಮೈ ಕೊಡುವ ದಿಮ್ಮಿಗೆ ಕೋರ್. ಎರಡೂ ಮುಚ್ಚಿಕೊಂಡಾಗ ನಡುವೆ ಉಳಿಯುವ ಸಂದಿಯೇ ನಮ್ಮ ಡಬ್ಬಿ. ಅದರೊಳಗೆ 200 ಡಿಗ್ರಿಗೂ ಮೀರಿ ಕಾದ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ತುಂಬುತ್ತಾರೆ. ತಣ್ಣಗಾದ ಮೇಲೆ ಅಚ್ಚು ತೆರೆಯುತ್ತದೆ, ಹಿಂದಿನಿಂದ ಎಜೆಕ್ಟರ್ ಪಿನ್‌ಗಳು ವಸ್ತುವನ್ನು ತಳ್ಳುತ್ತವೆ. ಹಾಗಾಗಿ ನೆಟ್ಟಗಿರುವ ಪ್ರತಿ ಗೋಡೆಗೂ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಓರೆ ಕೊಡಲೇಬೇಕು. ಇದನ್ನು ಡ್ರಾಫ್ಟ್ ಅಂತಾರೆ. ಮೇಲ್ಮೈ ತರಿತರಿಯಾಗಿ ಬೇಕೆಂದರೆ ಓರೆ ಇನ್ನೂ ಜಾಸ್ತಿ ಬೇಕು. ತ್ರೀಡಿ ಪ್ರಿಂಟರಿಗೆ ಇದ್ಯಾವುದೂ ಬೇಡ. ಅದು ಪದರದ ಮೇಲೆ ಪದರ ಹಾಕುತ್ತ ಕಟ್ಟುತ್ತದೆ, ಏನನ್ನೂ ಬಿಡಿಸುವ ಗೋಜಿಲ್ಲ. ಪ್ರಿಂಟ್ ಚೆನ್ನಾಗಿ ಬಂತು ಅಂದರೆ ಆಕಾರ ಚೆನ್ನಾಗಿದೆ ಅಂತ ಅರ್ಥ, ಅಷ್ಟೆ. ಅಚ್ಚಿನಲ್ಲಿ ಬರುತ್ತದೆಯೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕೊಂಡಿಗೆ ಅವರು ಎರಡು ದಾರಿ ಹೇಳಿದರು. ಅಚ್ಚಿನಲ್ಲಿ ಪಕ್ಕಕ್ಕೆ ಸರಿಯುವ ತುಂಡು ಇಡುವುದು ಒಂದು. ಅದಕ್ಕೆ ಸ್ಲೈಡರ್ ಎನ್ನುತ್ತಾರೆ. ಖರ್ಚು ಜಾಸ್ತಿ, ಸವೆತವೂ ಜಾಸ್ತಿ. ಇನ್ನೊಂದು ತುಂಬಾ ಸರಳ. ಕೊಂಡಿಯ ನೇರ ಕೆಳಗೆ ಒಂದು ಕಿಂಡಿ ಬಿಡುವುದು. ಆ ಕಿಂಡಿಯ ಮೂಲಕ ಅಚ್ಚಿನ ಉಕ್ಕೇ ಮೇಲೆ ಬಂದು ಕೊಂಡಿಯ ಹೊಟ್ಟೆಯ ಭಾಗವನ್ನು ರೂಪಿಸುತ್ತದೆ, ಆಮೇಲೆ ನೇರವಾಗಿ ಹಿಂದೆ ಸರಿಯುತ್ತದೆ. ಟಿವಿ ರಿಮೋಟು, ಪ್ಲಾಸ್ಟಿಕ್ ಡಬ್ಬಿ, ಆಟಿಕೆಯ ಬ್ಯಾಟರಿ ಮುಚ್ಚಳ ನೋಡಿ. ಎಷ್ಟೋ ಕಡೆ ಕೊಂಡಿಯ ಪಕ್ಕ ಸುಮ್ನೆ ಬಿಟ್ಟಂತೆ ಕಾಣುವ ಚೌಕದ ತೂತು ಇರುತ್ತದೆ. ಅದರ ಗುಟ್ಟು ಇದು. ನಾನು ಅದನ್ನು ವರ್ಷಗಟ್ಟಲೆ ನೋಡಿದ್ದೆ, ಯಾಕೆಂದು ಕೇಳಿಕೊಂಡಿರಲಿಲ್ಲ. ನಮ್ಮ ಕೊಂಡಿಯನ್ನು ಮಸಾಲೆ ಇರುವ ಜಾಗದಿಂದ ಹೊರಗಿನ ಅಂಚಿಗೆ ಸರಿಸಿ, ಕೆಳಗೆ ಕಿಂಡಿ ಬಿಟ್ಟೆವು. ಸ್ಲೈಡರಿನ ಖರ್ಚು ಉಳಿಯಿತು.

ಎರಡನೆಯ ಪಾಠ ದಪ್ಪದ್ದು. ಹೊಸಬರು ವಸ್ತು ಗಟ್ಟಿಯಾಗಿರಲಿ ಅಂತ ಗೋಡೆಯನ್ನು ದಪ್ಪ ಮಾಡುತ್ತಾರೆ. ಪ್ಲಾಸ್ಟಿಕ್ಕಿಗೆ ಅದು ಆಗಿಬರುವುದಿಲ್ಲ. ತಣ್ಣಗಾಗುವ ಸಮಯ ಹೆಚ್ಚುಕಡಿಮೆ ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತದೆ. 2 ಮಿಲಿಮೀಟರ್ ಗೋಡೆಯನ್ನು 3 ಮಾಡಿದರೆ ತಣಿಯಲು ಒಂದೂವರೆ ಪಟ್ಟಲ್ಲ, ಸುಮಾರು ಎರಡೂಕಾಲು ಪಟ್ಟು ಸಮಯ ಬೇಕು. ಮೆಷಿನ್ ಅಷ್ಟು ಹೊತ್ತು ಕಾಯುತ್ತದೆ, ಆ ಕಾಯುವಿಕೆಗೂ ನಾವು ಬಾಡಿಗೆ ಕೊಡುತ್ತೇವೆ. ದಪ್ಪ ಇರುವ ಕಡೆ ಒಳಗಿನ ಪ್ಲಾಸ್ಟಿಕ್ ತಡವಾಗಿ ಕುಗ್ಗಿ ಮೇಲ್ಮೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅಲ್ಲಿ ಗುಳಿ ಬೀಳುತ್ತದೆ. ಅದಕ್ಕೇ ಗೋಡೆ ತೆಳ್ಳಗೆ ಒಂದೇ ಸಮನಾಗಿಟ್ಟು, ಬೇಕಾದಲ್ಲಿ ಹಿಂಬದಿಗೆ ಏಣುಗಳನ್ನು ಕೊಡುತ್ತಾರೆ. ಅವು ರಿಬ್‌ಗಳು. ರಿಬ್‌ನ ದಪ್ಪ ಗೋಡೆಯ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಇರಬೇಕು. ಪ್ಲಾಸ್ಟಿಕ್ ಕುರ್ಚಿಯನ್ನು ಮಗುಚಿ ನೋಡಿ, ಕೂರುವ ಜಾಗದ ಅಡಿಯಲ್ಲಿ, ಕಾಲಿನ ಒಳಮಗ್ಗುಲಲ್ಲಿ ಗಟ್ಟಿತನ ಬರುವುದು ಏಣು ಮತ್ತು ಮಡಿಕೆಗಳಿಂದ, ದಪ್ಪದಿಂದಲ್ಲ.

ಮೂರನೆಯದು ಕುಗ್ಗುವಿಕೆ. ನಾವು ದೊಡ್ಡ ತಪ್ಪು ಮಾಡಿದ್ದು ಇಲ್ಲಿ. ಅದನ್ನು ಬಿಚ್ಚಿ ಹೇಳಿದರೆ ಯಾರಿಗಾದರೂ ಉಪಯೋಗವಾಗಬಹುದು. ಡಬ್ಬಿಗಳಿಗೆ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್, ಅಂದರೆ ಪಿಪಿ, ತಣ್ಣಗಾಗುವಾಗ ಸುಮಾರು 1ರಿಂದ 2.5 ಶೇಕಡಾ ಕುಗ್ಗುತ್ತದೆ. 1.5 ಶೇಕಡಾ ಎಂದು ಹಿಡಿದರೂ 180 ಮಿಲಿಮೀಟರಿನಲ್ಲಿ 2.7 ಮಿಲಿಮೀಟರ್ ಹೋಯಿತು. ಟೂಲ್ ರೂಮಿನವರು ಇದನ್ನು ಲೆಕ್ಕ ಹಾಕಿ ಅಚ್ಚನ್ನೇ ಅಷ್ಟು ದೊಡ್ಡದಾಗಿ ಕೊರೆಯುತ್ತಾರೆ. ನಮ್ಮ ಅಚ್ಚು ಕೊರೆದು ಮುಗಿದ ಮೇಲೆ ನಮಗೊಂದು ಆಸೆ ಹುಟ್ಟಿತು: ಮುಚ್ಚಳ ಗಾಜಿನ ಹಾಗೆ ಪಾರದರ್ಶಕವಾಗಿದ್ದರೆ ಒಳಗಿರುವುದು ಕಾಣುತ್ತದಲ್ಲ! ಅದೇ ಅಚ್ಚಿಗೆ ಬೇರೆ, ಪಾರದರ್ಶಕ ಪ್ಲಾಸ್ಟಿಕ್ ಹಾಕಿಸಿದೆವು. ಆ ಜಾತಿಯ ಪ್ಲಾಸ್ಟಿಕ್ ಕುಗ್ಗುವುದು ಅರ್ಧ ಶೇಕಡಾದ ಆಸುಪಾಸು. ಮುಚ್ಚಳ ನೋಡಲು ಥಳಥಳ. ಆದರೆ ಬೇಕಾದ್ದಕ್ಕಿಂತ ಸುಮಾರು 1.8 ಮಿಲಿಮೀಟರ್ ಅಗಲ. ಡಬ್ಬಿಯ ಮೇಲೆ ಇಟ್ಟರೆ ಲೊಡಲೊಡ ಅಲ್ಲಾಡುತ್ತಿತ್ತು. ಕೊಂಡಿ ಹಿಡಿಯಲೇ ಇಲ್ಲ.

ಉಕ್ಕಿನ ಅಚ್ಚನ್ನು ತಿದ್ದುವುದರಲ್ಲೂ ಒಂದು ನಿಯಮ ಇದೆ. ಉಕ್ಕನ್ನು ಕೊರೆದು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಸೇರಿಸಬೇಕೆಂದರೆ ವೆಲ್ಡಿಂಗ್ ಮಾಡಿ ಮತ್ತೆ ಕಡೆಯಬೇಕು, ಇಲ್ಲವೇ ಹೊಸ ತುಂಡು ಕೂರಿಸಬೇಕು. ಅದಕ್ಕೇ ಅನುಭವಸ್ಥರು ಬಿಗಿಯಾಗಿ ಕೂರಬೇಕಾದ ಜಾಗದಲ್ಲಿ ಮೊದಲಿಗೆ ಉಕ್ಕನ್ನು ಕೊಂಚ ಹೆಚ್ಚೇ ಉಳಿಸಿಕೊಂಡಿರುತ್ತಾರೆ. ಮೊದಲ ಟ್ರಯಲ್ ನೋಡಿ ಆಮೇಲೆ ಕೂದಲೆಳೆಯಷ್ಟು ಕೊರೆಯುತ್ತಾರೆ. ನಮ್ಮ ಮುಚ್ಚಳವನ್ನು ಒಳಗಿನಿಂದ ಚಿಕ್ಕದು ಮಾಡಲು ಕೋರ್ ಕಡೆಯಬಹುದಿತ್ತು. ಆಗ ಗೋಡೆ ದಪ್ಪವಾಗಿ, ಆಗಲೇ ಹೇಳಿದೆನಲ್ಲ, ಆ ತಣಿಯುವ ಲೆಕ್ಕ ಶುರುವಾಗುತ್ತಿತ್ತು. ಯಾವ ಪ್ಲಾಸ್ಟಿಕ್ ಎಂಬುದನ್ನು ಅಚ್ಚು ಕೊರೆಯುವ ಮೊದಲೇ ತೀರ್ಮಾನ ಮಾಡಬೇಕು. ಬಣ್ಣವನ್ನು ಆಮೇಲೆ ಆರಿಸಬಹುದು.

ಇನ್ನು ದುಡ್ಡಿನ ಮಾತು. ಒಂದು ಅಚ್ಚಿಗೆ 6 ಲಕ್ಷ ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳಿ. ವಸ್ತುವಿನ ಗಾತ್ರ, ಉಕ್ಕಿನ ಜಾತಿ ನೋಡಿ ಇದು ಏರಬಹುದು, ಇಳಿಯಬಹುದು. ಸಾವಿರ ಡಬ್ಬಿ ಮಾಡಿದರೆ ಅಚ್ಚಿನ ಪಾಲು ಒಂದಕ್ಕೆ 600 ರೂಪಾಯಿ. ಲಕ್ಷ ಡಬ್ಬಿ ಮಾಡಿದರೆ 6 ರೂಪಾಯಿ. ಡಬ್ಬಿಗೆ ಹಿಡಿಯುವ ಪ್ಲಾಸ್ಟಿಕ್ 120 ಗ್ರಾಂ, ಕಿಲೋಗೆ 100 ರೂಪಾಯಿ ಎಂದರೆ 12 ರೂಪಾಯಿ. ಅರ್ಧ ನಿಮಿಷಕ್ಕೊಂದು ಬಂದರೆ ಗಂಟೆಗೆ 120 ಡಬ್ಬಿ. ಮೆಷಿನ್ ಬಾಡಿಗೆ ಗಂಟೆಗೆ 600 ಎಂದರೆ ಡಬ್ಬಿಗೆ 5 ರೂಪಾಯಿ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಪ್ಲಾಸ್ಟಿಕ್ ಅಗ್ಗವಲ್ಲ, ಎಣಿಕೆ ಅದನ್ನು ಅಗ್ಗ ಮಾಡುತ್ತದೆ. ಸಾವಿರ ಮಾರುವವನೂ ಲಕ್ಷ ಮಾರುವವನೂ ಒಂದೇ ಅಂಗಡಿಯ ಕಪಾಟಿನಲ್ಲಿ ಪಕ್ಕಪಕ್ಕ ನಿಂತಾಗ ಸಣ್ಣವನು ಸೋಲುವುದು ಈ ಒಂದು ಸಾಲಿನಲ್ಲಿ.

ಪ್ಯಾಕಿಂಗ್, ಸಾಗಣೆ, ತೆರಿಗೆ, ಅಂಗಡಿಯವರ ಲಾಭ, ವಾಪಸು ಬಂದ ಮಾಲು, ಇವೆಲ್ಲ ಇದರ ಮೇಲೆ. ಮೊದಲೇ ಲೆಕ್ಕ ಹಾಕದೆ ಬೆಲೆ ಹೇಳಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೂಲೆಸ್ಟ್ ಕೂಲರ್ ದೊಡ್ಡ ಉದಾಹರಣೆ. 2014ರಲ್ಲಿ ಬಂದ ವಿನ್ಯಾಸ ಅದು. ಪಿಕ್ನಿಕ್‌ಗೆ ಒಯ್ಯುವ ಐಸ್ ಪೆಟ್ಟಿಗೆ, ಅದರಲ್ಲೇ ಮಿಕ್ಸಿ, ಅದರಲ್ಲೇ ಸ್ಪೀಕರ್. ಸುಮಾರು 62 ಸಾವಿರ ಜನ ಸೇರಿ 1.3 ಕೋಟಿ ಡಾಲರ್‌ಗೂ ಹೆಚ್ಚು ಮುಂಗಡ ಕೊಟ್ಟರು. ತಯಾರಿಕೆಗೆ ಇಳಿದ ಮೇಲೆ, ಮುಂಗಡದ ಬೆಲೆಗಿಂತ ಪೆಟ್ಟಿಗೆ ಮಾಡಿ ಕಳಿಸುವ ಖರ್ಚೇ ಜಾಸ್ತಿ ಎಂದು ಗೊತ್ತಾಯಿತು. ವರ್ಷಗಟ್ಟಲೆ ಎಳೆದಾಡಿ 2019ರ ಡಿಸೆಂಬರಿನಲ್ಲಿ ಕಂಪನಿ ಮುಚ್ಚಿತು. ಸುಮಾರು 20 ಸಾವಿರ ಜನರಿಗೆ ಪೆಟ್ಟಿಗೆ ಸಿಗಲೇ ಇಲ್ಲ. ಜನಕ್ಕೆ ಇಷ್ಟವಾದ ವಿನ್ಯಾಸವೇ ಅದು. ಎಡವಿದ್ದು ಲೆಕ್ಕದಲ್ಲಿ.

ಹಾಗಾದರೆ ಸಣ್ಣವರು ಏನು ಮಾಡಬೇಕು? ಒಂದೇ ಸಲಕ್ಕೆ ಉಕ್ಕಿನ ಅಚ್ಚಿಗೆ ಹೋಗಬೇಕಿಲ್ಲ. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಇಪ್ಪತ್ತು ಇಪ್ಪತ್ತೈದು ಎರಕ ತೆಗೆದು ಜನರ ಕೈಗೆ ಕೊಟ್ಟು ನೋಡಬಹುದು. ಕೆಲವು ಸಾವಿರ ವಸ್ತುಗಳಿಗೆ ಅಲ್ಯೂಮಿನಿಯಂ ಅಚ್ಚು ಸಾಕು. ಮರದಲ್ಲೋ ತಗಡಿನಲ್ಲೋ ಆಗುವ ವಸ್ತುವಾದರೆ ಅಚ್ಚೇ ಬೇಡ. ಲೇಸರಿನಲ್ಲಿ ಕತ್ತರಿಸಿ, ಬಗ್ಗಿಸಿ, ನೂರು ಮಾಡಿ ಮಾರಬಹುದು.

ಇಲ್ಲಿ ಚನ್ನಪಟ್ಟಣ ನೆನಪಾಗುತ್ತದೆ. ಅಲ್ಲಿನ ಬೊಂಬೆ, ಬಟ್ಟಲು, ಕುಂಕುಮದ ಭರಣಿ ಎಲ್ಲವೂ ದುಂಡಗೆ ಯಾಕಿವೆ? ತಿರುಗುವ ಲೇತ್‌ನಲ್ಲಿ ಮರ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೂಲೆ ಇರುವ ಆಕಾರ ಆ ಕೆಲಸಕ್ಕೆ ಒಗ್ಗುವುದಿಲ್ಲ. ಕಂಪ್ಯೂಟರಿನಲ್ಲಿ ಚೌಕದ ಡಬ್ಬಿ ಬರೆದುಕೊಂಡು ಹೋಗಿ "ಇದನ್ನು ಅರಗಿನಲ್ಲಿ ಮಾಡಿಕೊಡಿ" ಅಂದರೆ ಕುಶಲಕರ್ಮಿಗೆ ಕಷ್ಟ ಕೊಟ್ಟಂತೆ. ಲೇತ್ ಏನು ಕೊಡುತ್ತದೆ ಎಂದು ಎರಡು ದಿನ ಪಕ್ಕದಲ್ಲಿ ಕೂತು ನೋಡಿ ಆಮೇಲೆ ಬರೆದರೆ ಅದೇ ಅರಗಿನಲ್ಲಿ ದೀಪದ ಬುಡವೂ ಆಗುತ್ತದೆ, ಬಾಗಿಲ ಹಿಡಿಯೂ ಆಗುತ್ತದೆ.

ಬಳಸಿ ನೋಡುವುದರಲ್ಲಿ ಜಿಪುಣತನ ಮಾಡಬಾರದು. ಪ್ರಿಂಟರುಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರವೇ ಮೆತ್ತಗಾಗುತ್ತದೆ. ಬಿಸಿ ಸಾರಿನ ಸೌಟನ್ನು ಅದರ ಮೇಲೆ ಇಟ್ಟರೆ ಅಷ್ಟೆ, ಸೊಟ್ಟ. ಪದರಗಳ ನಡುವಿನ ಸಂದಿಯಲ್ಲಿ ಎಣ್ಣೆ, ಅರಿಶಿನ ಕೂತು ತೊಳೆದರೂ ಹೋಗುವುದಿಲ್ಲ. ಅಡುಗೆಮನೆಯ ವಸ್ತುವಿನ ಪರೀಕ್ಷೆಯನ್ನು ಪ್ರಿಂಟಿನಲ್ಲಿ ಮುಗಿಸುವಂತಿಲ್ಲ. ಸುಮೀತ್ ಮಿಕ್ಸಿಯ ಕಥೆ ಇದಕ್ಕೆ ಹೊಂದುತ್ತದೆ. 1960ರ ದಶಕದಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸಿ ಕೆಟ್ಟಿತು. ಅದು ನಮ್ಮ ಅಡುಗೆಗೆಂದು ಮಾಡಿದ್ದಲ್ಲ. ಒಣ ಮಸಾಲೆಯನ್ನೂ ನೆನೆಸಿದ ಬೇಳೆಯನ್ನೂ ರುಬ್ಬಲು ತಾಕತ್ತಿನ ಮೋಟಾರ್ ಬೇಕು. ಅಂಥದ್ದನ್ನು ಅವರೇ ಮಾಡಿದರು. ಬ್ರಿಟನ್ನಿನ ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ 1979ರಿಂದ 1984ರವರೆಗೆ 5,127 ಮಾದರಿ ಮಾಡಿದರು. ಅಷ್ಟು ತಾಳ್ಮೆ ಎಲ್ಲರಿಂದ ಆಗುವುದಿಲ್ಲ, ನಿಜ. ಆದರೆ ಮೂರು ಮಾದರಿಗೇ ನಿಲ್ಲಿಸಿ ಅಚ್ಚಿಗೆ ದುಡ್ಡು ಹಾಕುವುದು ತೀರಾ ಅವಸರ.

ಕಾನೂನಿನ ಕಡೆ ಎರಡು ಮಾತು. ನಮ್ಮ 2000ನೇ ಇಸವಿಯ ಡಿಸೈನ್ಸ್ ಕಾಯ್ದೆಯಲ್ಲಿ ವಸ್ತುವಿನ ನೋಟಕ್ಕೆ 10 ವರ್ಷ, ಬೇಕಿದ್ದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ನೋಟಕ್ಕೆ ಮಾತ್ರ, ಅದು ಕೆಲಸ ಮಾಡುವ ಬಗೆಗೆ ಅಲ್ಲ. ಆದರೆ ಅರ್ಜಿ ಹಾಕುವ ಮೊದಲೇ ಆ ವಿನ್ಯಾಸ ಬಹಿರಂಗವಾಗಿರಬಾರದು. ಖುಷಿಗೆ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕಿಬಿಟ್ಟರೆ ಹೊಸತನದ ಹಕ್ಕೇ ಕೈತಪ್ಪಬಹುದು. ದಯವಿಟ್ಟು ಮೊದಲು ಅರ್ಜಿ ಹಾಕಿ, ಆಮೇಲೆ ತೋರಿಸಿ. ಎರಡನೆಯದು ಗುಣಮಟ್ಟದ ಮುದ್ರೆ. ಪ್ರೆಷರ್ ಕುಕ್ಕರಿಗೆ ಐಎಸ್‌ಐ ಮುದ್ರೆ ಕಡ್ಡಾಯ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಕಡ್ಡಾಯ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೂ 2024ರ ಮಾರ್ಚಿನಲ್ಲಿ ಆದೇಶ ಬಂತು. ಆಟಿಕೆಯ ನಿಯಮದಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು (ಜಿಐ) ಇರುವ ಆಟಿಕೆಗಳಿಗೂ ವಿನಾಯಿತಿ ಇದೆ. ಚನ್ನಪಟ್ಟಣದವರಿಗೆ ಅದು ಆಸರೆ. ಮಕ್ಕಳ ಪುಟ್ಟ ಅಡುಗೆ ಸೆಟ್ ಒಂದನ್ನು ಪ್ರಿಂಟ್ ಮಾಡಿ ಮಾರುವ ಯೋಚನೆ ಇದ್ದರೆ ಅದು ಆಟಿಕೆಯೇ ಆಗುತ್ತದೆ. ಅಚ್ಚಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ತಿಳಿದುಕೊಂಡಿರಬೇಕು.

ಅಚ್ಚು ಯಾರದು ಎಂಬುದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ದುಡ್ಡು ನಮ್ಮದು, ಅಚ್ಚು ಇರುವುದು ಅವರ ಶೆಡ್ಡಿನಲ್ಲಿ. ನಾಳೆ ಬೇರೆ ಕಡೆ ಮಾಡಿಸಬೇಕೆಂದರೆ ಒಯ್ಯಬಹುದೇ? ತುಕ್ಕು ಹಿಡಿದರೆ ಯಾರ ಹೊಣೆ? ಫೈಲ್ ಕೊಡುವಾಗಲೂ ನೋಡಿಕೊಳ್ಳಿ. ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಫೈಲಿನಲ್ಲಿ ಬರೀ ತ್ರಿಕೋನಗಳಿರುತ್ತವೆ. ಅಳತೆ ಮಿಲಿಮೀಟರೋ ಇಂಚೋ ಎಂಬುದೂ ಅದರಲ್ಲಿ ಇರುವುದಿಲ್ಲ. ಟೂಲ್ ರೂಮಿಗೆ ಮೇಲ್ಮೈಗಳ ನಿಖರ ಆಕಾರ ಇರುವ ಸ್ಟೆಪ್ ಫೈಲ್ ಬೇಕು, ಜೊತೆಗೆ ಎಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಬರೆದ ಡ್ರಾಯಿಂಗ್ ಬೇಕು. ಎಐ ಮಾಡಿಕೊಡುವ ಆಕಾರಗಳು ಬಹುಪಾಲು ಆ ತ್ರಿಕೋನಗಳ ಬಲೆಯೇ. ಅಚ್ಚಿಗೆ ಬೇಕೆಂದರೆ ಮತ್ತೆ ಕೂತು ಬರೆಯಬೇಕಾಗುತ್ತದೆ.

ಇಷ್ಟೆಲ್ಲ ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇಂದು ರಾಜ್ಯದ ಹಲವು ಊರುಗಳಲ್ಲಿ ಅಚ್ಚು ಮಾಡುವುದನ್ನು ಕಲಿಸುತ್ತಿದೆ. ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್ ಇದೆ. ಪೀಣ್ಯದಲ್ಲಿ, ಬೆಳಗಾವಿಯಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಾರು ವರ್ಷ ಉಕ್ಕು ಕಡೆದ ಕೈಗಳಿವೆ. ಅವರನ್ನು ಕೊನೆಯಲ್ಲಿ "ಇದನ್ನು ಮಾಡಿಕೊಡಿ" ಅಂತ ಕೇಳುವ ಬದಲು ಮೊದಲ ಗೆರೆ ಎಳೆದಾಗಲೇ "ಇದು ಹೊರಗೆ ಬರುತ್ತಾ ಅಣ್ಣಾ?" ಅಂತ ಕೇಳಬೇಕು. ವಿನ್ಯಾಸ ಕಲಿಸುವ ಕಾಲೇಜುಗಳು ಮಕ್ಕಳನ್ನು ಪ್ರತಿ ಸೆಮಿಸ್ಟರ್ ಒಂದು ವಾರವಾದರೂ ಅಲ್ಲಿ ನಿಲ್ಲಿಸಬೇಕು. ಅಚ್ಚು ಕಡೆಯುವವರ ಹೆಸರು ವಸ್ತುವಿನ ಮೇಲೆ ಎಲ್ಲೂ ಬರುವುದಿಲ್ಲ. ಆದರೂ ವಿನ್ಯಾಸದ ಅರ್ಧ ಅವರದೇ.

ನಮ್ಮ ಡಬ್ಬಿಯ ಮುಚ್ಚಳಕ್ಕೆ ದಾರಿ ತೋರಿಸಿದ್ದೂ ಆ ಹಿರಿಯರೇ. ಪಿಪಿಯಲ್ಲೇ ಸ್ವಲ್ಪ ತಿಳಿಯಾಗಿರುವ ಒಂದು ಜಾತಿ ಇದೆ, ಕುಗ್ಗುವುದು ಹೆಚ್ಚುಕಡಿಮೆ ಮಾಮೂಲಿ ಪಿಪಿಯಷ್ಟೇ, ಇದೇ ಅಚ್ಚಿಗೆ ಹೊಂದುತ್ತದೆ ಅಂದರು. ಮೂರನೇ ಟ್ರಯಲ್‌ನಲ್ಲಿ ಬಂದ ಮುಚ್ಚಳವನ್ನು ಅವರೇ ಡಬ್ಬಿಗೆ ಒತ್ತಿದರು. ಟಕ್ ಅಂತ ಕೂತಿತು. ಗಾಜಿನಷ್ಟು ತಿಳಿಯಾಗಿಲ್ಲ, ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಸಾಸಿವೆ ಯಾವುದು, ಜೀರಿಗೆ ಯಾವುದು, ಅರಿಶಿನ ಯಾವುದು ಎಂದು ಮುಚ್ಚಳ ತೆಗೆಯದೆಯೇ ಕಾಣುತ್ತದೆ.